ಗುಲಾಬಿಗೆ ಮೂರು ರೋಗ, ಮೂರಕ್ಕೂ ಒಂದೇ ಪುಡಿ ಸಾಲದು

ಪ್ರಶ್ನೆ: ನಮ್ಮದು ಮೈಸೂರು. ಮನೆ ಮುಂದೆ ನೆಲದಲ್ಲಿ ಆರು, ತಾರಸಿಯ ಕುಂಡಗಳಲ್ಲಿ ಎಂಟು ಗುಲಾಬಿ ಗಿಡಗಳಿವೆ. ಮಳೆ ಶುರುವಾದರೆ ಸಾಕು, ಎಲೆ ಮೇಲೆ ಕಪ್ಪು ಮಚ್ಚೆ ಬಂದು, ಹಳದಿಯಾಗಿ ಉದುರಿ ಗಿಡ ಬೋಳಾಗುತ್ತದೆ. ಚಳಿಗಾಲದಲ್ಲಿ ಚಿಗುರಿನ ಮೇಲೆಲ್ಲಾ ಬಿಳಿ ಪುಡಿ. ಕಳೆದ ವರ್ಷ ಕೊಂಬೆ ಸವರಿದ ಮೇಲೆ ಎರಡು ಗಿಡಗಳು ತುದಿಯಿಂದ ಕಪ್ಪಾಗಿ ಒಣಗುತ್ತಾ ಬಂದವು, ಅದರಲ್ಲಿ ಒಂದು ಸತ್ತೇ ಹೋಯಿತು. ಅಂಗಡಿಯವರು ಮ್ಯಾಂಕೋಜೆಬ್ ಪುಡಿ ಕೊಟ್ಟರು. ಎಲ್ಲಕ್ಕೂ ಅದನ್ನೇ ಹೊಡೆದೆ, ಅಂಥ ಪ್ರಯೋಜನ ಕಾಣಲಿಲ್ಲ. ಪಕ್ಕದ ಮನೆಯವರು ಹುಳಿ ಮಜ್ಜಿಗೆ ಸಿಂಪಡಿಸಿ ಅನ್ನುತ್ತಾರೆ. ಏನು ಮಾಡಲಿ? ಹಳದಿ ಹೂವಿನ ಗಿಡವೊಂದಕ್ಕೆ ಎಲ್ಲಕ್ಕಿಂತ ಜಾಸ್ತಿ ರೋಗ. ಅದನ್ನು ಕಿತ್ತು ಹಾಕಿಬಿಡಲೇ?

ಉತ್ತರ: ನಿಮ್ಮ ಗಿಡಗಳಿಗೆ ಬಂದಿರುವುದು ಒಂದು ರೋಗವಲ್ಲ, ಮೂರು. ಮಳೆಗಾಲದ್ದು ಕಪ್ಪು ಚುಕ್ಕೆ ರೋಗ. ಚಳಿಗಾಲದ್ದು ಬೂದಿ ರೋಗ. ಸವರಿದ ಮೇಲೆ ಬಂದದ್ದು ತುದಿಯಿಂದ ಒಣಗುವ ರೋಗ. ಮೂರಕ್ಕೂ ಕಾರಣ ಶಿಲೀಂಧ್ರವೇ, ಆದರೆ ಬೇರೆ ಬೇರೆ ಶಿಲೀಂಧ್ರ. ಒಂದಕ್ಕೆ ಎಲೆ ಒದ್ದೆಯಾಗಿರಬೇಕು. ಇನ್ನೊಂದಕ್ಕೆ ಒದ್ದೆ ಎಲೆ ಕಂಡರೆ ಆಗುವುದಿಲ್ಲ. ಮತ್ತೊಂದಕ್ಕೆ ಒಳಗೆ ಹೋಗಲು ಗಾಯ ಬೇಕು. ಹೀಗಿರುವಾಗ ಒಂದೇ ಪುಡಿ ಮೂರಕ್ಕೂ ಕೆಲಸ ಮಾಡದಿದ್ದರೆ ಆಶ್ಚರ್ಯವಿಲ್ಲ. ಅಂಗಡಿಯವರು ಕೊಟ್ಟದ್ದು ಕೆಟ್ಟ ಔಷಧಿಯೇನಲ್ಲ. ಮ್ಯಾಂಕೋಜೆಬ್ ಕಪ್ಪು ಚುಕ್ಕೆಗೆ ಒಳ್ಳೆಯದೇ. ಬೂದಿ ರೋಗಕ್ಕೆ ಮಾತ್ರ ಅದು ಹೆಚ್ಚೇನೂ ಮಾಡುವುದಿಲ್ಲ. ಒಣಗುವ ಕೊಂಬೆಯ ಒಳಕ್ಕಂತೂ ಅದು ಇಳಿಯುವುದೇ ಇಲ್ಲ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಇದು ಗೊತ್ತಿಲ್ಲದೆ ಬಹಳ ಜನ ದುಡ್ಡು ಹಾಳು ಮಾಡಿಕೊಳ್ಳುತ್ತಾರೆ. ಮಚ್ಚೆ ಬಿದ್ದ ಎಲೆ ಮತ್ತೆ ಹಸಿರಾಗುವುದಿಲ್ಲ. ಯಾವ ಔಷಧಿ ಹೊಡೆದರೂ ಆಗುವುದಿಲ್ಲ. ನಾವು ಸಿಂಪಡಿಸುವುದು ಇನ್ನೂ ರೋಗ ತಾಗದ ಎಲೆಗಳನ್ನು, ಮುಂದೆ ಬರುವ ಚಿಗುರನ್ನು ಉಳಿಸಿಕೊಳ್ಳುವುದಕ್ಕೆ. ಆದ್ದರಿಂದ “ಹೊಡೆದು ವಾರವಾಯಿತು, ಚುಕ್ಕೆ ಹಾಗೇ ಇದೆ” ಅಂತ ಬೇಸರ ಮಾಡಿಕೊಳ್ಳಬೇಡಿ. ಹೊಸ ಎಲೆ ಶುಭ್ರವಾಗಿ ಬರುತ್ತಿದೆಯಾ? ಹಾಗಿದ್ದರೆ ಔಷಧಿ ಕೆಲಸ ಮಾಡಿದೆ.

ಕಪ್ಪು ಚುಕ್ಕೆ

ಮೊದಲು ಗುರುತು ಹಿಡಿಯುವುದನ್ನು ನೋಡೋಣ. ಗಿಡದ ಕೆಳಭಾಗದ ಒಂದು ಎಲೆ ಕಿತ್ತು ಬೆಳಕಿಗೆ ಹಿಡಿಯಿರಿ. ಚುಕ್ಕೆ ಗುಂಡಗಿದ್ದು, ಅದರ ಅಂಚು ನೀಟಾಗಿ ಕತ್ತರಿಸಿದ ಹಾಗಿರದೆ ಎಳೆ ಎಳೆಯಾಗಿ, ಬಿಳಿ ಬಟ್ಟೆ ಮೇಲೆ ಶಾಯಿ ಹರಡಿದ ಹಾಗಿದ್ದರೆ ಅದು ಕಪ್ಪು ಚುಕ್ಕೆ ರೋಗವೇ. ಶಿಲೀಂಧ್ರದ ಹೆಸರು ಡಿಪ್ಲೊಕಾರ್ಪಾನ್ ರೋಸೆ. ಇದು ಗುಲಾಬಿ ಬಿಟ್ಟು ಬೇರೆ ಗಿಡಕ್ಕೆ ಬರುವುದಿಲ್ಲ. ಅಂದರೆ ನಿಮ್ಮ ದಾಸವಾಳದಿಂದ ಗುಲಾಬಿಗೆ ಬಂತು ಅನ್ನುವ ಅನುಮಾನ ಬಿಡಿ. ಬಂದದ್ದು ಇನ್ನೊಂದು ಗುಲಾಬಿಯಿಂದ, ಬಹುಶಃ ನರ್ಸರಿಯಿಂದ ತಂದ ಗಿಡದ ಜೊತೆಗೇ.

ಚುಕ್ಕೆಯ ಸುತ್ತ ಎಲೆ ಬೇಗ ಹಳದಿಯಾಗುತ್ತದೆ. ರೋಗ ತಗುಲಿದ ಎಲೆ ಎಥಿಲೀನ್ ಬಿಡುತ್ತದೆ. ಬಾಳೆಕಾಯಿಯನ್ನು ಹಣ್ಣು ಮಾಡುವ ಗ್ಯಾಸ್ ಇದೆಯಲ್ಲ, ಅದೇ. ಹಾಗಾಗಿ ಎರಡೋ ಮೂರೋ ಚುಕ್ಕೆಗೇ ಇಡೀ ಎಲೆ ಉದುರಿ ಬೀಳುತ್ತದೆ. ಎಲೆ ಕಳೆದುಕೊಂಡ ಗಿಡ ಕೂಡಿಟ್ಟ ಶಕ್ತಿ ಖರ್ಚು ಮಾಡಿ ಮತ್ತೆ ಚಿಗುರುತ್ತದೆ. ಆ ಚಿಗುರಿಗೂ ಚುಕ್ಕೆ ಬರುತ್ತದೆ. ಒಂದೇ ಮಳೆಗಾಲದಲ್ಲಿ ಹೀಗೆ ಎರಡು ಮೂರು ಸಲ ಆದರೆ ಗಿಡ ಬಡವಾಗುತ್ತದೆ. ಬಡವಾದ ಗಿಡಕ್ಕೇ ಆಮೇಲೆ ತುದಿ ಒಣಗುವ ರೋಗ ಬರುವುದು. ನಿಮ್ಮಲ್ಲಿ ಸತ್ತ ಗಿಡದ ಕಥೆಯೂ ಹೀಗೇ ನಡೆದಿರಬಹುದು ಅನ್ನಿಸುತ್ತದೆ.

ಈ ಶಿಲೀಂಧ್ರದ ದೌರ್ಬಲ್ಯ ನೀರಿನಲ್ಲಿದೆ. ಅದರ ಬೀಜಕಣ ಎಲೆಯೊಳಗೆ ಇಳಿಯಬೇಕಾದರೆ ಎಲೆ ಸುಮಾರು 7 ಗಂಟೆ ಬಿಡದೆ ಒದ್ದೆಯಾಗಿರಬೇಕು. ಮಧ್ಯೆ ಒಣಗಿತೋ, ಅದರ ಕೆಲಸ ಕೆಟ್ಟಿತು. ಬೀಜಕಣ ಗಾಳಿಯಲ್ಲಿ ದೂರ ಹಾರುವುದೂ ಇಲ್ಲ. ನೀರಿನ ಹನಿ ಸಿಡಿದಾಗ ಅದರ ಜೊತೆ ಎಲೆಯಿಂದ ಎಲೆಗೆ ಹೋಗುತ್ತದೆ. ಕೆಳಗೆ ಬಿದ್ದ ಹಳೇ ಎಲೆಯಿಂದ ಮೇಲಿನ ಹೊಸ ಎಲೆಗೂ ಹೀಗೇ ಹತ್ತುತ್ತದೆ. ಅದಕ್ಕೇ ರೋಗ ಯಾವಾಗಲೂ ಬುಡದ ಎಲೆಗಳಿಂದ ಶುರು.

ಈಗ ನೀವು ನೀರು ಹಾಕುವುದು ಹೇಗೆ ಅಂತ ಯೋಚಿಸಿ. ಆಫೀಸಿನಿಂದ ಬಂದು ಸಂಜೆ ಆರಕ್ಕೆ ಪೈಪ್ ಹಿಡಿದು ಗಿಡದ ಮೇಲಿಂದ ಸ್ನಾನ ಮಾಡಿಸಿದರೆ ಬೆಳಗ್ಗೆ ಬಿಸಿಲು ಬರುವವರೆಗೆ ಎಲೆ ಒದ್ದೆ. ಏಳು ಗಂಟೆಯಲ್ಲ, ಹನ್ನೆರಡು ಗಂಟೆ ಕೊಟ್ಟ ಹಾಗಾಯಿತು. ಬೆಳಗ್ಗೆ ಹಾಕಿ, ಬುಡಕ್ಕೆ ಮಾತ್ರ ಹಾಕಿ. ಪೈಪಿನ ಬಾಯಿ ಮಣ್ಣಿಗೆ ತಾಗುವಷ್ಟು ಕೆಳಗಿರಲಿ, ರಭಸ ಕಡಿಮೆ ಇರಲಿ. ಬುಡದಲ್ಲಿ ಎರಡು ಇಂಚು ಒಣ ಹುಲ್ಲೋ, ತೆಂಗಿನ ನಾರೋ, ಅಡಿಕೆ ಸಿಪ್ಪೆಯೋ ಹರಡಿದರೆ ಮಳೆ ಹನಿ ಮಣ್ಣಿನಿಂದ ಮೇಲಕ್ಕೆ ಸಿಡಿಯುವುದು ನಿಲ್ಲುತ್ತದೆ. ಕಾಂಡಕ್ಕೆ ತಾಗದ ಹಾಗೆ ಒಂದು ಗೇಣು ಬಿಟ್ಟು ಹಾಕಿ.

ಮಳೆಯನ್ನು ನಾವು ನಿಲ್ಲಿಸಲು ಆಗುವುದಿಲ್ಲ, ನಿಜ. ಎಲೆ ಬೇಗ ಒಣಗುವ ಹಾಗಂತೂ ಮಾಡಬಹುದು. ನೆಲದ ಗಿಡಗಳ ನಡುವೆ ಎರಡೂವರೆ ಮೂರು ಅಡಿ ಜಾಗ ಇರಲಿ. ಗಿಡದ ನಡುಮಧ್ಯೆ ಒಂದಕ್ಕೊಂದು ಉಜ್ಜುವ ಸಣ್ಣ ಕೊಂಬೆಗಳನ್ನು ತೆಗೆಯಿರಿ, ಗಾಳಿ ಆಡಲಿ. ತಾರಸಿಯ ಕುಂಡಗಳನ್ನು ಒತ್ತೊತ್ತಾಗಿ ಗೋಡೆಗೆ ಸೇರಿಸಿ ಇಟ್ಟಿದ್ದರೆ ಬಿಡಿಸಿ ಇಡಿ. ಬೆಳಗಿನ ಬಿಸಿಲು ಬೀಳುವ ಮೂಲೆ ಗುಲಾಬಿಗೆ ಕೊಡಿ, ಮಧ್ಯಾಹ್ನದ ಮೇಲಿನ ಬಿಸಿಲಿನ ಜಾಗ ಬೇರೆ ಗಿಡಕ್ಕಾಯಿತು. ಇಬ್ಬನಿ ಬೇಗ ಆರುವುದು ಮುಖ್ಯ. ಕುಂಡದವರಿಗೆ ಇನ್ನೊಂದು ಅನುಕೂಲವಿದೆ. ಜಡಿಮಳೆ ಹಿಡಿದ ವಾರ ಗಾಳಿಯಾಡುವ ಸಜ್ಜೆಯ ಕೆಳಗೆ ಸರಿಸಿಬಿಡಬಹುದು. ಮನೆ ಒಳಗೆ ಮಾತ್ರ ತರಬೇಡಿ.

ಉದುರಿದ ಎಲೆ ಆರಿಸುವುದಕ್ಕೆ ಯಾರೂ ಮನಸ್ಸು ಮಾಡುವುದಿಲ್ಲ. ಒಂದು ಬಾಟಲಿ ಔಷಧಿಗಿಂತ ಅದರ ಬೆಲೆ ಹೆಚ್ಚು. ವಾರಕ್ಕೊಮ್ಮೆ ಬುಡ ಗುಡಿಸಿ, ಬಿದ್ದದ್ದನ್ನೂ ಗಿಡದ ಮೇಲೆ ಚುಕ್ಕೆ ಬಂದಿರುವುದನ್ನೂ ತೆಗೆದು ಕವರಿಗೆ ಹಾಕಿ ಕಸದ ಗಾಡಿಗೆ ಕೊಡಿ. ಮನೆಯ ಗೊಬ್ಬರದ ಗುಂಡಿಗೆ ಬೇಡ. ಮನೆಮಟ್ಟದ ಕಾಂಪೋಸ್ಟ್ ಅಷ್ಟು ಬಿಸಿಯಾಗುವುದಿಲ್ಲ, ಶಿಲೀಂಧ್ರ ಸಾಯುವುದಿಲ್ಲ. ಆದರೆ ಒಂದೇ ದಿನ ಎಲ್ಲ ಎಲೆ ಕಿತ್ತು ಗಿಡವನ್ನು ಬೋಳು ಮಾಡಬೇಡಿ. ಅರ್ಧಕ್ಕಿಂತ ಜಾಸ್ತಿ ಎಲೆಗೆ ಚುಕ್ಕೆ ಬಂದಿದ್ದರೆ ಮೊದಲು ಕೆಳಗಿನ ಒಂದಡಿ ಎತ್ತರದವರೆಗೆ ತೆಗೆಯಿರಿ, ಹೊಸ ಚಿಗುರು ಬಂದ ಹಾಗೆ ಉಳಿದದ್ದು ತೆಗೆಯಿರಿ.

ಔಷಧಿಗೆ ಬರೋಣ. ಮ್ಯಾಂಕೋಜೆಬ್ ಲೀಟರಿಗೆ 2 ಗ್ರಾಂ. ಮೊದಲ ದೊಡ್ಡ ಮಳೆಗೆ ಮುಂಚೆ ಶುರು ಮಾಡಬೇಕು, ಚುಕ್ಕೆ ಕಂಡ ಮೇಲೆ ಅಲ್ಲ. ಇದು ಎಲೆಯ ಮೇಲೆ ಕೂತು ಕಾಯುವ ಔಷಧಿ, ಒಳಗೆ ಹೋಗುವುದಿಲ್ಲ. ಜೋರು ಮಳೆಗೆ ತೊಳೆದು ಹೋಗುತ್ತದೆ. ಹಾಗಾಗಿ ಮಳೆಗಾಲದಲ್ಲಿ 7ರಿಂದ 10 ದಿನಕ್ಕೊಮ್ಮೆ ಬೇಕು. ಚುಕ್ಕೆ ಆಗಲೇ ಹತ್ತಿದ್ದರೆ ಒಳಗೆ ಸೇರುವಂಥದ್ದನ್ನು ಮಧ್ಯೆ ತರಬೇಕು. ಹೆಕ್ಸಕೊನಜೋಲ್ ಶೇ. 5ರದ್ದು ಲೀಟರಿಗೆ 1 ಮಿಲಿ, ಇಲ್ಲವೇ ಡೈಫೆನಕೊನಜೋಲ್ ಶೇ. 25ರದ್ದು ಅರ್ಧ ಮಿಲಿ. ಒಮ್ಮೆ ಇದು, ಮುಂದಿನ ಸಲ ಮ್ಯಾಂಕೋಜೆಬ್, ಹೀಗೆ ಬದಲಿಸುತ್ತಾ ಹೋಗಿ. ಒಳಗೆ ಸೇರುವ ಔಷಧಿಯನ್ನೇ ಸತತವಾಗಿ ಹೊಡೆದರೆ ಶಿಲೀಂಧ್ರ ಅದಕ್ಕೆ ಒಗ್ಗಿಕೊಳ್ಳುತ್ತದೆ. ಕಾರ್ಬೆಂಡಜಿಮ್ ಎಂಬ, ಒಳಗೆ ಸೇರುವ ಇನ್ನೊಂದು ಔಷಧಿಯ ವಿಷಯದಲ್ಲಿ ಎಷ್ಟೋ ಬೆಳೆಗಳಲ್ಲಿ ಇದೇ ಆಗಿದೆ. ಅಂಗಡಿಯಲ್ಲಿ ಸಾಫ್ ಅಂತ ಕೊಡುತ್ತಾರಲ್ಲ, ಅದು ಕಾರ್ಬೆಂಡಜಿಮ್ ಮತ್ತು ಮ್ಯಾಂಕೋಜೆಬ್ ಎರಡೂ ಸೇರಿದ್ದು. ಅದನ್ನು ಹೊಡೆದರೆ ಮ್ಯಾಂಕೋಜೆಬ್ ಬೇರೆಯಾಗಿ ಬೇಡ.

ಎಲೆಯ ಅಡಿಭಾಗಕ್ಕೂ ಸಿಂಪಡಿಸಿ. ಮೇಲಿಂದ ನಾಲ್ಕು ಸಲ ಪುಸ್ ಪುಸ್ ಅನ್ನಿಸಿದರೆ ಅದು ಸಿಂಪಡಣೆ ಅಲ್ಲ. ನಳಿಕೆಯನ್ನು ಬುಡದಲ್ಲಿ ಮೇಲ್ಮುಖ ಮಾಡಿ ಹಿಡಿದು ಶುರು ಮಾಡಿ, ಆಮೇಲೆ ಮೇಲಕ್ಕೆ ಬನ್ನಿ. ಎಲೆ ತುದಿಯಿಂದ ನೀರು ಇನ್ನೇನು ತೊಟ್ಟಿಕ್ಕಬೇಕು ಅನ್ನುವಾಗ ನಿಲ್ಲಿಸಿ.

ಬೂದಿ ರೋಗ

ಇದರ ಗುಣ ಪೂರ್ತಿ ಉಲ್ಟಾ. ಬೀಜಕಣ ಗಾಳಿಯಲ್ಲಿ ಹಾರುತ್ತದೆ, ಪಕ್ಕದ ಬೀದಿಯಿಂದಲೂ ಬರಬಹುದು. ಎಲೆ ಮೇಲೆ ನೀರು ನಿಂತಿದ್ದರೆ ಅದು ಸರಿಯಾಗಿ ಮೊಳೆಯುವುದಿಲ್ಲ. ಅದಕ್ಕೆ ಬೇಕಾದದ್ದು ಹಗಲು ಒಣ ಬಿಸಿಲು, ರಾತ್ರಿ ತಂಪು ಮತ್ತು ಗಾಳಿಯಲ್ಲಿ ತೇವ. ನವೆಂಬರಿನಿಂದ ಫೆಬ್ರವರಿವರೆಗೆ ಮೈಸೂರು, ಬೆಂಗಳೂರಿನ ಹವೆ ಇದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ಎಳೇ ಎಲೆ ಮೊದಲು ಸ್ವಲ್ಪ ಕೆಂಪಾಗಿ ಮುದುರುತ್ತದೆ. ಪುಡಿ ಕಾಣುವುದು ಆಮೇಲೆ. ಮೊಗ್ಗಿನ ಕತ್ತಿನ ಮೇಲೆ, ಮುಳ್ಳಿನ ಸುತ್ತ ಮೊದಲು ನೋಡಿ. ಹೆಬ್ಬೆರಳಿನಿಂದ ಉಜ್ಜಿದರೆ ಪುಡಿ ಅಂಟಿಕೊಂಡು ಬರುತ್ತದೆ. ಗಡಸು ನೀರಿನ ಕಲೆಯಾದರೆ ಹಾಗೆ ಬರುವುದಿಲ್ಲ, ಕೆರೆಯಬೇಕಾಗುತ್ತದೆ.

ಇದಕ್ಕೆ ಗಂಧಕವೇ ಸರಿ. ನೀರಿನಲ್ಲಿ ಕರಗಿಸುವ ಶೇ. 80ರ ಗಂಧಕ ಲೀಟರಿಗೆ 2 ಗ್ರಾಂ, ಹತ್ತು ದಿನಕ್ಕೊಮ್ಮೆ. ಅಗ್ಗ, ಹಳೆಯದು, ಈಗಲೂ ಕೆಲಸ ಮಾಡುತ್ತದೆ. ಎರಡು ಎಚ್ಚರಿಕೆ ಇವೆ. ಬಿಸಿಲು 32 ಡಿಗ್ರಿ ದಾಟುವ ದಿನ ಗಂಧಕ ಹೊಡೆದರೆ ಎಲೆ ಸುಟ್ಟ ಹಾಗಾಗುತ್ತದೆ. ಮಾರ್ಚ್ ಬಂದ ಮೇಲೆ ಇದರ ಸಹವಾಸ ಬೇಡ. ಹಾಗೆಯೇ ಬೇವಿನ ಎಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಹೊಡೆಯಬಾರದು, ಗಂಧಕ ಹೊಡೆದ ಎರಡು ವಾರದೊಳಗೆ ಎಣ್ಣೆಯೂ ಬೇಡ. ಎರಡೂ ಸೇರಿದರೆ ಎಲೆ ಸುಡುತ್ತದೆ. ಗಂಧಕಕ್ಕೆ ಬಗ್ಗದಿದ್ದರೆ ಮೇಲೆ ಹೇಳಿದ ಹೆಕ್ಸಕೊನಜೋಲ್ ಇದಕ್ಕೂ ಆಗುತ್ತದೆ.

ನಿಮ್ಮ ಪಕ್ಕದ ಮನೆಯವರ ಮಜ್ಜಿಗೆಯನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಬ್ರೆಜಿಲ್‌ನಲ್ಲಿ 1999ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಜುಕಿನಿ ಗಿಡದ ಬೂದಿ ರೋಗಕ್ಕೆ ನೀರು ಬೆರೆಸಿದ ಹಸಿ ಹಾಲು ಹೊಡೆದು ನೋಡಿದ್ದರು, ರೋಗ ಚೆನ್ನಾಗಿ ಹತೋಟಿಗೆ ಬಂದಿತ್ತು. ನಮ್ಮ ಕಡೆ ಹುಳಿ ಮಜ್ಜಿಗೆಯನ್ನು ರೈತರು ತರಕಾರಿಗೆ ಮೊದಲಿನಿಂದ ಬಳಸುತ್ತಿದ್ದಾರೆ. ಬೆಣ್ಣೆ ಪೂರ್ತಿ ತೆಗೆದ ಮಜ್ಜಿಗೆ ಒಂದು ಲೋಟಕ್ಕೆ ಒಂಬತ್ತು ಲೋಟ ನೀರು ಸೇರಿಸಿ, ಬಟ್ಟೆಯಲ್ಲಿ ಸೋಸಿ, ಬಿಸಿಲಿರುವ ಬೆಳಗ್ಗೆ ವಾರಕ್ಕೊಮ್ಮೆ ಹೊಡೆಯಿರಿ. ರೋಗ ಈಗಷ್ಟೇ ಶುರುವಾಗಿದ್ದರೆ ಪ್ರಯೋಜನ ಕಾಣಬಹುದು. ಚಿಗುರೆಲ್ಲ ಬೆಳ್ಳಗಾದ ಮೇಲೆ ಮಜ್ಜಿಗೆ ನೆಚ್ಚಿಕೊಂಡು ಕೂರಬೇಡಿ. ಕಪ್ಪು ಚುಕ್ಕೆಗಂತೂ ಇದನ್ನು ನಂಬಬೇಡಿ. ಅಡುಗೆ ಸೋಡಾದ ಕಥೆಯೂ ಹೀಗೇ. ಲೀಟರಿಗೆ ಒಂದು ಚಮಚದಷ್ಟು ಹಾಕಿ ಹೊಡೆದರೆ ಬೂದಿ ರೋಗ ಸ್ವಲ್ಪ ತಗ್ಗುತ್ತದೆ. ಆದರೆ ಅದರಲ್ಲಿರುವುದು ಸೋಡಿಯಂ. ಪದೇ ಪದೇ ಹೊಡೆದರೆ ಎಲೆ ಅಂಚು ಸುಡುತ್ತದೆ, ಕುಂಡದ ಮಣ್ಣಿನಲ್ಲಿ ಉಪ್ಪು ಸೇರುತ್ತಾ ಹೋಗುತ್ತದೆ. ಕುಂಡದ ಗಿಡಕ್ಕೆ ನಾನು ಸೋಡಾ ಹೇಳುವುದಿಲ್ಲ.

ಚಳಿಗಾಲದ ಒಣ ದಿನಗಳಲ್ಲಿ ಬೆಳಗ್ಗೆ ಎಂಟರ ಬಿಸಿಲಿಗೆ ಗಿಡಕ್ಕೆ ರಭಸವಾಗಿ ನೀರು ಹೊಡೆದು ಎಲೆ ತೊಳೆದರೂ ಬೂದಿ ರೋಗ ಕಡಿಮೆಯಾಗುತ್ತದೆ. ಈಗ ತಾನೇ ಎಲೆ ಒದ್ದೆ ಮಾಡಬೇಡಿ ಅಂದೆನಲ್ಲ, ಅದು ಮಳೆಗಾಲದ ಮಾತು. ಜನವರಿಯ ಬಿಸಿಲಿಗೆ ಒಂದು ಗಂಟೆಯಲ್ಲಿ ಎಲೆ ಒಣಗುತ್ತದೆ, ಕಪ್ಪು ಚುಕ್ಕೆಗೆ ಅವಕಾಶ ಸಿಗುವುದಿಲ್ಲ.

ಯೂರಿಯಾ ಹಾಕುವ ಅಭ್ಯಾಸವಿದ್ದರೆ ನಿಲ್ಲಿಸಿ. ಸಾರಜನಕ ಜಾಸ್ತಿಯಾದರೆ ಮೆತ್ತನೆಯ, ನೀರುನೀರಾದ ಚಿಗುರು ಬರುತ್ತದೆ. ಬೂದಿ ರೋಗಕ್ಕೂ ಹೇನಿಗೂ ಅದೇ ಇಷ್ಟ. ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ, ಆಗಾಗ ಸ್ವಲ್ಪ ಪೊಟ್ಯಾಷ್, ಇಷ್ಟು ಮನೆ ಗಿಡಕ್ಕೆ ಸಾಕು.

ಬೂದಿ ರೋಗದ ಜೊತೆ ಒಂದನ್ನು ಗೊಂದಲ ಮಾಡಿಕೊಳ್ಳಬೇಡಿ. ಮೋಡ ಮುಸುಕಿ, ಮಂಜು ಬಿದ್ದು, ಹಗಲೂ ಥಂಡಿ ಇರುವ ದಿನಗಳಲ್ಲಿ ಎಲೆ ಮೇಲೆ ನೇರಳೆ ಕೆಂಪು ಬಣ್ಣದ, ನರಗಳ ನಡುವೆ ಮೂಲೆಮೂಲೆಯಾಗಿ ಹರಡಿದ ಮಚ್ಚೆ ಬಂದು, ಮುಟ್ಟಿದರೆ ಎಲೆ ಉದುರಿದರೆ ಅದು ಡೌನಿ ಎಂಬ ಬೇರೆಯೇ ರೋಗ. ದ್ರಾಕ್ಷಿ ಬೆಳೆಗಾರರಿಗೂ ಪಾಲಿಹೌಸಿನಲ್ಲಿ ಗುಲಾಬಿ ಬೆಳೆಯುವವರಿಗೂ ಈ ಹೆಸರು ಕೇಳಿದರೆ ನಿದ್ದೆ ಬರುವುದಿಲ್ಲ. ಗಂಧಕ, ಹೆಕ್ಸಕೊನಜೋಲ್, ಕಾರ್ಬೆಂಡಜಿಮ್ ಯಾವುದೂ ಇದಕ್ಕೆ ನಾಟುವುದಿಲ್ಲ. ಮೆಟಲಾಕ್ಸಿಲ್ ಮತ್ತು ಮ್ಯಾಂಕೋಜೆಬ್ ಸೇರಿದ ಔಷಧಿ ಲೀಟರಿಗೆ 2 ಗ್ರಾಂ ಬೇಕು, ಅದೂ ಕಂಡ ದಿನವೇ. ಮನೆ ತೋಟದಲ್ಲಿ ಅಷ್ಟಾಗಿ ಬರುವುದಿಲ್ಲ, ನಿಮ್ಮ ವಿವರಣೆಯಲ್ಲೂ ಅದರ ಸುಳಿವಿಲ್ಲ.

ತುದಿಯಿಂದ ಒಣಗುವುದು

ನಿಮಗೆ ಗಿಡ ಕಳೆದುಕೊಳ್ಳುವ ಹಾಗೆ ಮಾಡಿದ್ದು ಇದು. ಕಪ್ಪು ಚುಕ್ಕೆ ಗಿಡವನ್ನು ಬಡವಾಗಿಸುತ್ತದೆ, ಬೂದಿ ರೋಗ ಹೂವಿನ ಅಂದ ಕೆಡಿಸುತ್ತದೆ, ಇದು ಕೊಂದೇ ಹಾಕುತ್ತದೆ. ಸವರಿದ ಕೊಂಬೆಯ ಹಸಿ ಗಾಯದಿಂದ ಶಿಲೀಂಧ್ರ ಒಳಗಿಳಿಯುತ್ತದೆ. ಕಂದು, ಆಮೇಲೆ ಕಪ್ಪು ಬಣ್ಣ ಮೇಲಿಂದ ಕೆಳಕ್ಕೆ ಇಳಿಯುತ್ತಾ ಬರುತ್ತದೆ. ಕಸಿ ಕಟ್ಟಿದ ಗಂಟಿನವರೆಗೆ ಬಂದರೆ ಮುಗಿಯಿತು. ಆಮೇಲೆ ಬುಡದಿಂದ ಜೋರಾಗಿ ಚಿಗುರು ಬಂದರೂ ಅದು ಕಸಿಗೆ ಬಳಸಿದ ಕಾಡು ಗುಲಾಬಿಯದ್ದು, ನಿಮ್ಮ ಗಿಡದ್ದಲ್ಲ. ಗಂಟಿನ ಕೆಳಗಿನಿಂದ ಬರುವ ಇಂಥ ಚಿಗುರನ್ನು ಚೆನ್ನಾಗಿರುವ ಗಿಡದಲ್ಲೂ ಬಿಡಬೇಡಿ. ಮಣ್ಣು ಸರಿಸಿ ಬುಡಸಮೇತ ಕೀಳಿ.

ಈಗ ಒಣಗುತ್ತಿರುವ ಕೊಂಬೆ ಇದ್ದರೆ ಹೀಗೆ ಮಾಡಿ. ಉಗುರಿನಿಂದ ಸಿಪ್ಪೆ ಸ್ವಲ್ಪ ಕೆರೆದು ನೋಡುತ್ತಾ ಕೆಳಗೆ ಬನ್ನಿ. ಒಳಗೆ ಹಸಿರು ಕಾಣುವ ಜಾಗ ಸಿಗುತ್ತದೆ. ಅಲ್ಲಿಂದ ಇನ್ನೂ ಎರಡು ಇಂಚು ಕೆಳಗೆ ಕತ್ತರಿಸಿ. ಕತ್ತರಿಸಿದ ಮುಖ ನೋಡಿ. ನಡುವಿನ ಬೆಂಡು ಬೆಳ್ಳಗೆ, ತುಸು ಹಸಿರಾಗಿ ಇದ್ದರೆ ಸರಿ. ನಡುವೆ ಕಾಫಿ ಬಣ್ಣದ ಚುಕ್ಕೆ ಇದ್ದರೂ ರೋಗ ಇನ್ನೂ ಕೆಳಗಿದೆ ಅಂತ ಅರ್ಥ, ಮತ್ತೊಂದು ಇಂಚು ಇಳಿಯಿರಿ. ಬೆಳ್ಳಗಾಗುವವರೆಗೆ ಬಿಡಬಾರದು. ಗಿಡ ಚಿಕ್ಕದಾಯಿತು ಅಂತ ಕನಿಕರಪಟ್ಟು ಅರ್ಧಕ್ಕೆ ನಿಲ್ಲಿಸಿದವರು ತಿಂಗಳಲ್ಲಿ ಇಡೀ ಗಿಡ ಕಳೆದುಕೊಂಡಿರುತ್ತಾರೆ. ಒಂದು ಕೊಂಬೆಯಿಂದ ಇನ್ನೊಂದಕ್ಕೆ ಹೋಗುವ ಮೊದಲು ಕತ್ತರಿಯ ಬಾಯಿಯನ್ನು ಸ್ಪಿರಿಟ್ಟಿನಲ್ಲೋ, ಕೊರೋನಾ ಕಾಲದ ಸ್ಯಾನಿಟೈಸರ್ ಉಳಿದಿದ್ದರೆ ಅದರಲ್ಲೋ ಒರೆಸಿ. ಕತ್ತರಿ ಹರಿತವಾಗಿರಲಿ. ಮೊಂಡು ಕತ್ತರಿ ಕೊಂಬೆಯನ್ನು ಜಜ್ಜುತ್ತದೆ, ಜಜ್ಜಿದ ಗಾಯ ಬೇಗ ಮಾಯುವುದಿಲ್ಲ. ಕತ್ತರಿಸುವ ಜಾಗವೂ ಮುಖ್ಯ. ಹೊರಮುಖದ ಕಣ್ಣಿಗಿಂತ, ಅಂದರೆ ಚಿಗುರೊಡೆಯುವ ಜಾಗಕ್ಕಿಂತ, ಕಾಲು ಇಂಚು ಮೇಲೆ, ನೀರು ಜಾರುವ ಹಾಗೆ ಓರೆಯಾಗಿ. ಕಣ್ಣಿನ ಮೇಲೆ ಎರಡಿಂಚು ಮೋಟು ಬಿಟ್ಟರೆ ಆ ಮೋಟು ಒಣಗಿ ರೋಗಕ್ಕೆ ಮನೆಯಾಗುತ್ತದೆ.

ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ. ಮಲೆನಾಡಿನ ಅಡಿಕೆ ತೋಟದವರಿಗೆ ಬೋರ್ಡೋ ಬಗ್ಗೆ ಹೇಳಿಕೊಡುವ ಅಗತ್ಯವಿಲ್ಲ. ಫ್ರಾನ್ಸಿನ ಬೋರ್ಡೋ ಪ್ರದೇಶದ ದ್ರಾಕ್ಷಿ ತೋಟಗಳಲ್ಲಿ 1885ರಲ್ಲಿ ಹೊರಬಂದ ಈ ಔಷಧಿಯನ್ನು ಅಡಿಕೆಯ ಕೊಳೆರೋಗಕ್ಕೆ ತಂದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್‌ಮನ್. ನೂರು ವರ್ಷ ಕಳೆದರೂ ಮೈಲುತುತ್ತ ಮತ್ತು ಸುಣ್ಣವೇ ಇನ್ನೂ ತೋಟ ಕಾಯುತ್ತಿವೆ. ಮನೆ ಮಟ್ಟಕ್ಕೆ ಸ್ವಲ್ಪವೇ ಸಾಕು. 10 ಗ್ರಾಂ ಮೈಲುತುತ್ತವನ್ನು 50 ಮಿಲಿ ನೀರಿನಲ್ಲಿ ಕರಗಿಸಿ. ಇನ್ನೊಂದು ಡಬ್ಬಿಯಲ್ಲಿ 10 ಗ್ರಾಂ ಸುಟ್ಟ ಸುಣ್ಣವನ್ನು 50 ಮಿಲಿ ನೀರಿನಲ್ಲಿ ಅರಳಿಸಿ, ಆರಲು ಬಿಡಿ. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ಹಾಲಿಗೆ ನಿಧಾನವಾಗಿ ಸುರಿಯುತ್ತಾ ಕಡ್ಡಿಯಿಂದ ಕಲಕಿ. ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಯಲ್ಲೇ ಮಾಡಬೇಕು, ಕಬ್ಬಿಣದ್ದು, ಅಲ್ಯೂಮಿನಿಯಂದು ಬೇಡ. ತಿಳಿ ನೀಲಿ ಬಣ್ಣದ ಗಂಜಿ ಬರುತ್ತದೆ. ಹೊಳೆಯುವ ಕಬ್ಬಿಣದ ಮೊಳೆಯೊಂದನ್ನು ಕೆಲವು ನಿಮಿಷ ಅದರಲ್ಲಿ ಅದ್ದಿ ತೆಗೆಯಿರಿ. ಮೊಳೆಗೆ ತಾಮ್ರದ ಕೆಂಪು ಹತ್ತಿದ್ದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ. ಹಾಗೇ ಹಚ್ಚಿದರೆ ಕೊಂಬೆ ಸುಡುತ್ತದೆ. ಸರಿಯಿದ್ದರೆ ಹಳೇ ಬ್ರಷ್‌ನಲ್ಲಿ ಪ್ರತಿ ಗಾಯಕ್ಕೂ ಹಚ್ಚಿ. ಮಾಡಿದ ದಿನವೇ ಬಳಸಿ, ನಾಳೆಗೆ ಇಡಬೇಡಿ. ಇಷ್ಟೆಲ್ಲಾ ಯಾರು ಮಾಡುತ್ತಾರೆ ಅನ್ನಿಸಿದರೆ ಕಾಪರ್ ಆಕ್ಸಿಕ್ಲೋರೈಡ್ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಗಟ್ಟಿಯಾಗಿ ಕಲಸಿ ಹಚ್ಚಬಹುದು. ನೆಲದ ಗಿಡ ಸಣ್ಣಪುಟ್ಟದ್ದಾದರೆ ಅದೇ ಸಾಕು. ಅರಿಶಿನ ಹಚ್ಚುವವರಿದ್ದಾರೆ. ಏನೂ ಹಚ್ಚದೇ ಬಿಡುವುದಕ್ಕಿಂತ ಪರವಾಗಿಲ್ಲ, ಆದರೆ ಒಮ್ಮೆ ಈ ರೋಗಕ್ಕೆ ಗಿಡ ಬಲಿಯಾದ ಮನೆಯಲ್ಲಿ ನಾನು ಅರಿಶಿನ ನೆಚ್ಚುವುದಿಲ್ಲ.

ಸವರುವ ಸಮಯವನ್ನೂ ಸರಿ ಮಾಡಿಕೊಳ್ಳಿ. ಮಳೆ ನಿಂತು, ನಾಲ್ಕೈದು ದಿನ ಒಣ ಹವೆ ಸಿಗುವ ಹಾಗಿದ್ದಾಗ ಮಾತ್ರ ದೊಡ್ಡ ಸವರುವಿಕೆ. ಮೈಸೂರಿನಲ್ಲಿ ಅಕ್ಟೋಬರ್ ಮಳೆ ಕೈಬಿಟ್ಟ ಮೇಲೆ, ಅಂದರೆ ನವೆಂಬರ್ ಹೊತ್ತಿಗೆ. ದಸರಾ ಮುಗಿದ ಕೂಡಲೇ ಕತ್ತರಿ ಹಿಡಿಯುವವರು ಎಷ್ಟೋ ಜನ, ಆಮೇಲೆ ಒಂದು ವಾರ ಮಳೆ ಹಿಡಿದು ಎಲ್ಲ ಗಾಯಕ್ಕೂ ನೀರು ಕುಡಿಸುತ್ತದೆ. ಬೇರಿಗೆ ನೀರು ನಿಂತರೂ, ಬರಗಾಲದಂತೆ ಒಣಗಿಸಿದರೂ ಈ ರೋಗ ಹೆಚ್ಚುತ್ತದೆ. ಕುಂಡದ ತಳದ ತೂತು ಬೇರಿನಿಂದ ಮುಚ್ಚಿಹೋಗಿದೆಯಾ ನೋಡಿ. ಕಡ್ಡಿ ಹಾಕಿ ಬಿಡಿಸಿದರೆ ಸಾಲದು, ಆ ಗಿಡವನ್ನು ದೊಡ್ಡ ಕುಂಡಕ್ಕೆ ಬದಲಿಸಬೇಕು.

ರೋಗವಲ್ಲದ್ದಕ್ಕೆ ರೋಗದ ಔಷಧಿ ಬೇಡ

ಫೆಬ್ರವರಿಯಿಂದ ಮೇ ತನಕ ಎಲೆ ಮಂಕಾಗಿ, ಸಣ್ಣ ಸಣ್ಣ ಬಿಳಿ ಚುಕ್ಕಿಯಾಗಿ, ಆಮೇಲೆ ಕಂಚಿನ ಬಣ್ಣಕ್ಕೆ ತಿರುಗಿ ಉದುರಿದರೆ ಅದು ಶಿಲೀಂಧ್ರವಲ್ಲ, ಕೆಂಪು ಜೇಡನುಸಿ. ಬಿಳಿ ಕಾಗದದ ಮೇಲೆ ಎಲೆ ಕೊಡವಿ. ಮೆಣಸಿನ ಪುಡಿಯ ಕಣದಷ್ಟು ಚುಕ್ಕಿಗಳು ಓಡಾಡುತ್ತವೆ. ಮೂರು ದಿನಕ್ಕೊಮ್ಮೆ ಎಲೆಯ ಅಡಿಗೆ ಜೋರಾಗಿ ನೀರು ಹೊಡೆದರೇ ಅರ್ಧ ಹೋಗುತ್ತದೆ. ಉಳಿದದ್ದಕ್ಕೆ ಬೇವಿನ ಎಣ್ಣೆ ಲೀಟರಿಗೆ 5 ಮಿಲಿ, ಜೊತೆಗೆ ಎರಡು ಹನಿ ಸೋಪು ದ್ರವ, ಸಂಜೆ ಬಿಸಿಲು ಇಳಿದ ಮೇಲೆ. ಬೇಸಿಗೆಯ ಒಣ ಸಂಜೆಯಾದ್ದರಿಂದ ಇಲ್ಲಿ ಕಪ್ಪು ಚುಕ್ಕೆಯ ಭಯವಿಲ್ಲ. ಮೊಗ್ಗು ಅರಳದೆ, ಎಸಳಿನ ಅಂಚು ಕಂದಾಗಿ ಸುಟ್ಟ ಹಾಗಿದ್ದರೆ ಥ್ರಿಪ್ಸ್ ಎಂಬ ಸಣ್ಣ ಕೀಟ. ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಇದ್ದರೆ ಕಬ್ಬಿಣದ ಕೊರತೆ. ಬೋರ್‌ವೆಲ್ಲಿನ ಗಡಸು ನೀರು ಹಾಕುವ ಕುಂಡಗಳಲ್ಲಿ ಇದು ಸಾಮಾನ್ಯ, ಮಳೆನೀರು ಹಿಡಿದು ಹಾಕಿ ನೋಡಿ. ಬುಡದ ಒಂದೆರಡು ಎಲೆ ಚುಕ್ಕೆಯೇ ಇಲ್ಲದೆ ಹಳದಿಯಾದರೆ ಅದು ವಯಸ್ಸು, ಬಿಟ್ಟುಬಿಡಿ.

ಸಿಂಪಡಿಸುವಾಗ ಮೂಗಿಗೆ ಮಾಸ್ಕ್, ಕೈಗೆ ಗ್ಲೌಸ್, ಮೈತುಂಬ ಬಟ್ಟೆ ಇರಲಿ. ನಾನು ಕೊಟ್ಟ ಪ್ರಮಾಣಕ್ಕೂ ನಿಮ್ಮ ಕೈಯಲ್ಲಿರುವ ಪ್ಯಾಕೆಟ್ಟಿನ ಪ್ರಮಾಣಕ್ಕೂ ವ್ಯತ್ಯಾಸ ಇದ್ದರೆ ಪ್ಯಾಕೆಟ್ ಹೇಳಿದ ಹಾಗೆ ಮಾಡಿ. ಅಡುಗೆಮನೆಯ ಚಮಚ ಬೇಡ, ಇದಕ್ಕೇ ಅಂತ ಒಂದು ಅಳತೆ ಇಟ್ಟುಕೊಳ್ಳಿ. ಗಾಳಿಯಿಲ್ಲದ ಬೆಳಗ್ಗೆ, ಜೇನ್ನೊಣ ಬರುವ ಮುಂಚೆ ಹೊಡೆಯಿರಿ. ತಾರಸಿಯಲ್ಲಿ ಬಟ್ಟೆ ಒಣಹಾಕಿದ್ದರೆ, ನೀರಿನ ಟ್ಯಾಂಕಿನ ಮುಚ್ಚಳ ತೆರೆದಿದ್ದರೆ ಮೊದಲು ಅದನ್ನು ನೋಡಿಕೊಳ್ಳಿ. ಗುಲ್ಕನ್ ಮಾಡಲು ಪನ್ನೀರು ಗುಲಾಬಿ ಇಟ್ಟುಕೊಂಡಿದ್ದರೆ ಆ ಗಿಡಕ್ಕೆ ಈ ರಾಸಾಯನಿಕ ಯಾವುದೂ ಬೇಡ.

ಇನ್ನು ನಿಮ್ಮ ಹಳದಿ ಗಿಡ. ಅದಕ್ಕೆ ಜಾಸ್ತಿ ರೋಗ ಬರುವುದರಲ್ಲಿ ನಿಮ್ಮ ತಪ್ಪಿಲ್ಲ, ಅದರ ವಂಶದಲ್ಲೇ ಇದೆ. ಗಾಢ ಹಳದಿ ಬಣ್ಣ ಹೊಸ ಕಾಲದ ಗುಲಾಬಿಗಳಿಗೆ ಬಂದದ್ದು ಪರ್ಷಿಯನ್ ಯೆಲ್ಲೊ ಎಂಬ ಹಳೇ ಗುಲಾಬಿಯಿಂದ. ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಪೆರ್ನೆ-ದ್ಯುಶೆ ಅದನ್ನು ಬೇರೆ ಗುಲಾಬಿ ಜೊತೆ ಸೇರಿಸಿ 1900ರಲ್ಲಿ ಸೊಲೆಯ್ ದೋರ್ ಎಂಬ ತಳಿ ತಂದರು. ಬಣ್ಣದ ಜೊತೆಗೆ ಕಪ್ಪು ಚುಕ್ಕೆಗೆ ಬೇಗ ಬಲಿಯಾಗುವ ಗುಣವೂ ಬಂತು. ಈಗಿನ ಹಳದಿ ತಳಿಗಳಲ್ಲಿ ಕೆಲವು ಗಟ್ಟಿ ಇವೆ, ಆದರೆ ಹಳೇ ತಳಿಗಳು ಹೆಚ್ಚಿನವು ಮಳೆಗಾಲದಲ್ಲಿ ಸೊರಗುತ್ತವೆ.

ಆ ಗಿಡಕ್ಕೆ ಇನ್ನೊಂದು ವರ್ಷ ಅವಕಾಶ ಕೊಡಿ. ನೆಲದಲ್ಲಿದ್ದರೆ ನವೆಂಬರಿನಲ್ಲಿ ಸವರುವಾಗ ಒಳಗಿನ ಕೊಂಬೆ ತೆಗೆದು ಬಿಡುವು ಮಾಡಿ, ಕಪ್ಪು ಮಚ್ಚೆಯಿರುವ ಕೊಂಬೆ ಒಂದನ್ನೂ ಉಳಿಸಬೇಡಿ. ಶಿಲೀಂಧ್ರ ಅಲ್ಲಿಯೂ ಅಡಗಿರುತ್ತದೆ. ಬರುವ ಮೇ ಕೊನೆಯಿಂದ ಮ್ಯಾಂಕೋಜೆಬ್ ತಪ್ಪಿಸಬೇಡಿ. ಇಷ್ಟು ಮಾಡಿಯೂ ಸೆಪ್ಟೆಂಬರಿಗೆ ಮತ್ತೆ ಬೋಳಾದರೆ ಕಿತ್ತು ಹಾಕಿ. ಅದೊಂದು ಗಿಡ ಉಳಿದ ಹದಿಮೂರಕ್ಕೆ ರೋಗ ಹಂಚುತ್ತಾ ಕೂರುತ್ತದೆ. ಅದೇ ಗುಂಡಿಯಲ್ಲಿ ಮತ್ತೆ ಗುಲಾಬಿ ಇಡುವುದಾದರೆ ಒಂದೂವರೆ ಅಡಿ ಆಳಕ್ಕೆ ಮಣ್ಣು ತೆಗೆದು ಹೊಸ ಮಣ್ಣು ತುಂಬಿ. ಮತ್ತೆ ಗಿಡ ಕೊಳ್ಳಲು ನರ್ಸರಿಗೆ ಜನವರಿಯಲ್ಲಿ ಹೋಗಬೇಡಿ, ಆಗ ಎಲ್ಲ ಗಿಡವೂ ಹೂ ತುಂಬಿಕೊಂಡು ಚೆನ್ನಾಗಿಯೇ ಕಾಣುತ್ತವೆ. ಸೆಪ್ಟೆಂಬರ್ ಕೊನೆಗೆ, ಮಳೆ ತಿಂದ ಗಿಡಗಳ ಸಾಲಿನಲ್ಲಿ ನಡೆದು ನೋಡಿ. ಬುಡದವರೆಗೂ ಎಲೆ ಉಳಿಸಿಕೊಂಡು ನಿಂತಿರುವ ಗಿಡ ಒಂದೆರಡಾದರೂ ಸಿಗುತ್ತವೆ. ಹೂವಿನ ಬಣ್ಣ ಯಾವುದೇ ಇರಲಿ, ಅದನ್ನು ತನ್ನಿ. ತಂದ ಮೇಲೆ ಎರಡು ವಾರ ಉಳಿದ ಗಿಡಗಳಿಂದ ದೂರ ಇಟ್ಟು, ಆಮೇಲೆ ಸೇರಿಸಿ.